ಸೊರೆ ಬಿಡಿಸುವ ಇಂಜೆಕ್ಷನ್: ಯಾವಾಗ ಔಷಧಿ, ಯಾವಾಗ ಅಪಾಯ?



ಕರು ಸತ್ತ ಎಮ್ಮೆ ಸೊರೆ ಬಿಡುತ್ತಿಲ್ಲ. ಡೇರಿಗೆ ಹಾಲು ಹಾಕುವ ಹೊತ್ತು ಮೀರುತ್ತಿದೆ. ಆಗ ಯಾರೋ ಚೀಟಿಯಿಲ್ಲದ ಸಣ್ಣ ಬಾಟಲಿ ತಂದು, “ಒಂದು ಸೂಜಿ ಹಾಕಿ, ಹಾಲು ತಾನೇ ಇಳಿಯುತ್ತದೆ” ಎನ್ನುತ್ತಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಯಾವ ಸದಸ್ಯರಿಗಾದರೂ ಇಂಥ ಸಂದರ್ಭ ಬರಬಹುದು. ಸೂಜಿ ಹಿಡಿಯುವ ಮುನ್ನ ಈ ಪಾಠ ಓದಿ. ಮನೆಯಲ್ಲಿ ಹಾಲು ಕರೆಯುವವರಿಗೂ ಓದಿ ಹೇಳಿ.

ಬಾಟಲಿಯಲ್ಲಿ ಏನಿದೆ?

ಸಾಮಾನ್ಯವಾಗಿ ಇದಕ್ಕೆ ಬಳಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ಇದು ಪೆಪ್ಟೈಡ್ ಜಾತಿಯ ಔಷಧಿ. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರವೇ ಪೆಪ್ಟೈಡ್. ಸಕ್ಕರೆ ಕಾಯಿಲೆಯವರ ಇನ್ಸುಲಿನ್‌ನಲ್ಲಿ 51 ಮಣಿಗಳಿದ್ದರೆ ಆಕ್ಸಿಟೋಸಿನ್‌ನಲ್ಲಿ 9 ಮಾತ್ರ.

ಇದನ್ನು ರಾಸಿನ ದೇಹವೇ ತಯಾರಿಸುತ್ತದೆ. ಕರು ಕೆಚ್ಚಲು ಗುದ್ದಿದಾಗ ಅಥವಾ ನೀವು ಕೆಚ್ಚಲು ಸವರಿದಾಗ ಮಿದುಳಿನಿಂದ ಆಕ್ಸಿಟೋಸಿನ್ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಒಂದೆರಡು ನಿಮಿಷದಲ್ಲಿ ಅದು ಕೆಚ್ಚಲಿನ ಹಾಲಿನ ಗೂಡುಗಳನ್ನು ಹಿಂಡಿ ಹಾಲನ್ನು ಕೆಳಗಿಳಿಸುತ್ತದೆ. ರಾಸು ಹೆದರಿದರೆ, ಹೊಡೆತ ತಿಂದರೆ ಈ ಕೆಲಸ ನಿಲ್ಲುತ್ತದೆ. ಇಂಜೆಕ್ಷನ್ ಇಳಿಸುವುದು ಕೆಚ್ಚಲಿನಲ್ಲಿ ಆಗಲೇ ಇರುವ ಹಾಲನ್ನೇ. ಮೇವು, ಹಿಂಡಿ, ನೀರಿನಿಂದ ಆಗಬೇಕಾದ ಹಾಲು ಸೂಜಿಯಿಂದ ಆಗುವುದಿಲ್ಲ.

ಔಷಧಿಯಾಗಿ ಉಪಯೋಗ

ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ತಾಯಂದಿರಿಗೆ ಕೊಡುವ ಮುಖ್ಯ ಔಷಧಿ ಇದೇ. ಕರು ಹಾಕಿದ ನಂತರದ ಗರ್ಭಕೋಶದ ತೊಂದರೆಗಳಲ್ಲಿ, ಚೊಚ್ಚಲು ರಾಸು ಸೊರೆ ಬಿಡದಿದ್ದಾಗ ಕೆಲವು ದಿನಗಳ ಮಟ್ಟಿಗೆ, ಪಶುವೈದ್ಯರೂ ಇದನ್ನು ಬಳಸುತ್ತಾರೆ. ಪ್ರಮಾಣವನ್ನು ಅವರೇ ನಿರ್ಧರಿಸಬೇಕು.

ದಿನವೂ ಚುಚ್ಚಿದರೆ ಆಗುವ ಹಾನಿ

1. ರಾಸು ಸೂಜಿಗೆ ಒಗ್ಗಿಹೋಗುತ್ತದೆ. ಕ್ರಮೇಣ ಸೂಜಿ ಇಲ್ಲದೆ ಸೊರೆ ಬಿಡದು.

2. ಈ ಔಷಧಿ ಗರ್ಭಕೋಶವನ್ನೂ ಹಿಂಡುತ್ತದೆ. ಗಬ್ಬದ ರಾಸಿಗೆ ಕೊಟ್ಟರೆ ಕಂದು ಹಾಕುವ ಭಯವಿದೆ.

3. ಒಂದೇ ಸೂಜಿಯನ್ನು ತೊಳೆಯದೆ ಬಳಸಿದರೆ ಚುಚ್ಚಿದ ಜಾಗ ಕೀವು ಕಟ್ಟುತ್ತದೆ. ರೋಗ ಒಂದು ರಾಸಿನಿಂದ ಇನ್ನೊಂದಕ್ಕೆ ದಾಟುತ್ತದೆ.

4. ಬಸುರಿ ಹೆಣ್ಣುಮಕ್ಕಳು ಈ ಸೂಜಿಯನ್ನು ಮುಟ್ಟಲೇಬಾರದು. ಕೈತಪ್ಪಿ ತಮಗೇ ಚುಚ್ಚಿಕೊಂಡರೆ ಅವರ ಗರ್ಭಕ್ಕೂ ಅಪಾಯ.

5. ಈ ಔಷಧಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿರಿಯೂರಿನ ಬೇಸಿಗೆಯಲ್ಲಿ ಗೂಡಿನಲ್ಲಿಟ್ಟ ಚೀಟಿಯಿಲ್ಲದ ಬಾಟಲಿಯಲ್ಲಿ ಏನು ಉಳಿದಿದೆಯೆಂದು ಯಾರು ಬಲ್ಲರು?

ಇಂಥ ಹಾಲು ಕುಡಿದವರಿಗೆ ತೊಂದರೆಯೇ ಎಂದು ಹಲವರು ಕೇಳುತ್ತಾರೆ. ಪೆಪ್ಟೈಡ್‌ಗಳು ಹೊಟ್ಟೆಯಲ್ಲಿ ಆಹಾರದಂತೆ ಜೀರ್ಣವಾಗುತ್ತವೆ. ಇನ್ಸುಲಿನ್ನನ್ನು ನುಂಗದೆ ಚುಚ್ಚಿಕೊಳ್ಳುವುದೂ ಅದಕ್ಕಾಗಿಯೇ. ಮುಖ್ಯ ನಷ್ಟ ನಿಮ್ಮ ರಾಸಿಗೆ, ನಿಮ್ಮ ಕೊಟ್ಟಿಗೆಗೆ.

ಕಾನೂನು

1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 12ನೇ ಕಲಮಿನ ಪ್ರಕಾರ ಹಾಲು ಹೆಚ್ಚಿಸಲು ರಾಸಿನ ಆರೋಗ್ಯಕ್ಕೆ ಹಾನಿಯಾಗುವ ಇಂಜೆಕ್ಷನ್ ಕೊಡುವುದು ಅಪರಾಧ. 1,000 ರೂಪಾಯಿವರೆಗೆ ದಂಡ, 2 ವರ್ಷದವರೆಗೆ ಸಜೆ, ಅಥವಾ ಎರಡೂ ಆಗಬಹುದು. ರಾಸು ಸರ್ಕಾರದ ವಶವಾಗುತ್ತದೆ. ದುರುಪಯೋಗ ತಡೆಯಲೆಂದು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ದೇಶದ ಬಳಕೆಗೆ ಆಕ್ಸಿಟೋಸಿನ್ ತಯಾರಿಕೆಯನ್ನು ಬೆಂಗಳೂರಿನ ಸರ್ಕಾರಿ ಸಂಸ್ಥೆ ಕರ್ನಾಟಕ ಆಂಟಿಬಯಾಟಿಕ್ಸ್‌ಗೆ ಮಾತ್ರ ಸೀಮಿತಗೊಳಿಸಿತು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು; ತಾಯಂದಿರಿಗೆ ಔಷಧಿಯ ಕೊರತೆಯಾಗಬಾರದೆಂಬುದೂ ಅಲ್ಲಿ ಚರ್ಚೆಗೆ ಬಂದಿತ್ತು.

ಸೂಜಿಯಿಲ್ಲದೆ ಸೊರೆ ಬಿಡಿಸುವುದು ಹೇಗೆ?

• ದಿನವೂ ಒಂದೇ ಹೊತ್ತಿಗೆ, ಆದಷ್ಟು ಒಬ್ಬರೇ ಕರೆಯಿರಿ. ಬೈಗುಳ, ಹೊಡೆತ ಬೇಡ.

• ಉಗುರುಬೆಚ್ಚಗಿನ ನೀರಿನಿಂದ ಕೆಚ್ಚಲು ತೊಳೆದು, ಒರೆಸಿ, ಒಂದು ನಿಮಿಷ ಮೃದುವಾಗಿ ಸವರಿ.

• ಮುಂದೆ ಒಂದಿಷ್ಟು ಪಶು ಆಹಾರವಿಡಿ. ಸೊರೆ ಬಿಟ್ಟ ಮೇಲೆ ಐದಾರು ನಿಮಿಷದಲ್ಲಿ ಕರೆದು ಮುಗಿಸಿ.

• ಮುಂದಿನ ಸೂಲಿನಿಂದ ಕರುವಿಗೆ ಪಾತ್ರೆಯಲ್ಲಿ ಹಾಲು ಕುಡಿಸುವುದನ್ನು ರೂಢಿಸಿ. ಆಗ ಕರು ಇಲ್ಲದಿದ್ದರೂ ತಾಯಿ ಹಾಲು ಕೊಡುತ್ತದೆ.

ಹಿಂದಿನವರು ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುತ್ತಿದ್ದರು. ಆ ವಾಸನೆಗೆ ಎಮ್ಮೆಯ ಮಿದುಳೇ ಔಷಧಿ ಬಿಡುತ್ತಿತ್ತು. ಮೊದಲು ಎರಡು ಮೂರು ದಿನ ಹಾಲು ಕಡಿಮೆಯಾದರೂ ತಾಳ್ಮೆಯಿರಲಿ. ಆಗಲೂ ಸೊರೆ ಬಿಡದಿದ್ದರೆ ಪಶುವೈದ್ಯರನ್ನು ಕರೆಸಿ. ಚೀಟಿಯಿಲ್ಲದ ಬಾಟಲಿಯನ್ನು ಕೊಟ್ಟಿಗೆಯೊಳಗೆ ಬಿಡಬೇಡಿ.