ಯಾರೂ ಬಯಸದ ಗುಂಪು: ಚದುರಂಗದ ಹಾಸಿನ ಮೇಲೊಂದು ಪಾಠ



ಕಳೆದ ಮಳೆಗಾಲದಲ್ಲಿ ನಮ್ಮ ವಾಚನಾಲಯದ ಸೂಚನಾ ಫಲಕಕ್ಕೆ ಒಂದು ಬರಹ ಅಂಟಿಸಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸದಸ್ಯರು ಊರುಕಡೆಯವರ ಗುಂಪು ಕಟ್ಟಿಕೊಂಡು ಕೂಡುವುದನ್ನು ಬಿಡತಕ್ಕದ್ದು ಎಂದು ಅದರಲ್ಲಿತ್ತು. ಬರೆದವರು ನಾವೇ. ಕಿಟಕಿಯ ಕಡೆಯ ಬೆಂಚುಗಳಲ್ಲಿ ಕರಾವಳಿಯವರೇ, ಬಾಗಿಲ ಕಡೆಯ ಬೆಂಚುಗಳಲ್ಲಿ ಬೆಳಗಾವಿ, ವಿಜಯಪುರದ ಕಡೆಯವರೇ ಕೂಡುತ್ತ ಬಂದಿದ್ದರು. ಪರಊರಿಗೆ ಬಂದ ಮೇಲೂ ಕನ್ನಡಿಗರು ಎರಡಾಗಿ ಕೂಡಬೇಕೇ ಎಂದು ನಮಗೆ ಬೇಸರವಾಯಿತು. ಆದರೆ ಬರಹವನ್ನು ಓದಿದ ಇಬ್ಬರು ಹಿರಿಯ ಓದುಗರಿಗೆ ಮನಸ್ಸು ನೊಂದಿತು. ಅವರಲ್ಲೊಬ್ಬರು, "ಯಾರನ್ನರ ಎಬ್ಬಿಸಿ ಕುಂತೇವೇನ್ರೀ ನಾವು?" ಎಂದು ಕೇಳಿದರು. ಮರುದಿನದಿಂದ ಇಬ್ಬರೂ ಬರುವುದನ್ನು ಬಿಟ್ಟರು.

ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಈಗ ಅರ್ಧ ಉತ್ತರ ದೊರೆತಿದೆ. ಅದು ದೊರೆತದ್ದು ಒಂದು ಚದುರಂಗದ ಹಾಸು, ಮೂವತ್ತು ಹುಣಸೆ ಬೀಜ, ಮೂವತ್ತು ಅಂಗಿಯ ಗುಂಡಿಗಳಿಂದ. ಮೆಟ್ರಿಕ್‌ವರೆಗೆ ಓದಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ನಮಗೆ ತಿಳಿದದ್ದು ನಿಮಗೂ ತಿಳಿದೀತೆಂಬ ನಂಬಿಕೆಯಿಂದ ಈ ಪಾಠವನ್ನು ಬರೆಯುತ್ತಿದ್ದೇವೆ.

ಕೂಡಿಸಿದರೆ ಸಿಕ್ಕದ ಮೊತ್ತ

ನಮ್ಮ ಲೆಕ್ಕದ ಪುಸ್ತಕದಲ್ಲಿ ಹತ್ತು ಬಾಬುಗಳಿದ್ದರೆ ಕೂಡಿಸಿ ಮೊತ್ತ ಬರೆಯುತ್ತೇವೆ. ಐದನೆಯ ಬಾಬು ಆರನೆಯದನ್ನು ನೋಡಿ ತನ್ನ ಅಂಕಿಯನ್ನು ಬದಲಾಯಿಸಿಕೊಳ್ಳುವುದಿಲ್ಲ. ಆದರೆ ಜನರ ವಿಷಯ ಹಾಗಲ್ಲ. ಒಬ್ಬನು ಎದ್ದು ಹೋದರೆ ಪಕ್ಕದವನ ಮನಸ್ಸು ಬದಲಾಗುತ್ತದೆ. ಅವನು ಹೋದರೆ ಮತ್ತೊಬ್ಬನದು. ಹೀಗೆ ಒಬ್ಬರ ನಡೆ ಇನ್ನೊಬ್ಬರ ನಡೆಯನ್ನು ಬದಲಿಸುತ್ತ ಹೋಗುವ ಕೂಟಕ್ಕೆ ಸಂಕೀರ್ಣ ವ್ಯವಸ್ಥೆ ಎನ್ನುತ್ತಾರೆ. ಒಬ್ಬೊಬ್ಬರ ಮನಸ್ಸನ್ನು ಬಿಡಿಯಾಗಿ ಅರಿತರೂ ಅಲ್ಲಿ ಒಟ್ಟು ಫಲ ತಿಳಿಯದು, ನಡೆಸಿಯೇ ನೋಡಬೇಕು.

ಒಂದು ಉದಾಹರಣೆ. ಜಪಾನಿನ ಸುಗಿಯಾಮ ಎಂಬವರೂ ಅವರ ಸಂಗಡಿಗರೂ 230 ಮೀಟರು ಸುತ್ತಳತೆಯ ವೃತ್ತದ ದಾರಿಯಲ್ಲಿ 22 ಕಾರುಗಳನ್ನು ಓಡಿಸಿ, ಕಂಡದ್ದನ್ನು 2008ರಲ್ಲಿ ಪ್ರಕಟಿಸಿದರು. ಗಂಟೆಗೆ ಸುಮಾರು 30 ಕಿಲೋಮೀಟರಿನಂತೆ ಸಾಗಿರೆಂದು ಚಾಲಕರಿಗೆ ಹೇಳಲಾಗಿತ್ತು. ದಾರಿಯಲ್ಲಿ ಸಿಗ್ನಲ್ ಇಲ್ಲ, ಅಪಘಾತವಿಲ್ಲ, ಅಡ್ಡ ಬರುವವರೂ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಕಾರುಗಳು ಒಂದೆಡೆ ದಟ್ಟೈಸಿ ನಿಂತವು; ಆ ದಟ್ಟಣೆ ಹಿಂದುಹಿಂದಕ್ಕೆ ಸರಿಯುತ್ತ ಹೋಯಿತು. ಮುಂದಿನವನ ಸಣ್ಣ ತಡೆ ಹಿಂದಿನವನಲ್ಲಿ ದೊಡ್ಡದಾಗಿ, ಅವನ ಹಿಂದಿನವನಲ್ಲಿ ಇನ್ನೂ ದೊಡ್ಡದಾಯಿತು. ತಪ್ಪು ಮಾಡಿದ ಚಾಲಕ ಯಾರೆಂದು ಹುಡುಕಿದರೆ ಸಿಗುವುದಿಲ್ಲ.

ಇಂಥದನ್ನು ಕಾಗದದ ಮೇಲೋ ಯಂತ್ರದಲ್ಲೋ ನಡೆಸಿ ನೋಡುವ ವಿಧಾನಕ್ಕೆ ಏಜೆಂಟ್ ಆಧಾರಿತ ಸಿಮ್ಯುಲೇಶನ್ ಎಂದು ಹೆಸರು. ಏಜೆಂಟ್ ಎಂದರೆ ಇಲ್ಲಿ ವಿಮೆಯ ಏಜೆಂಟನಲ್ಲ. ತನ್ನದೊಂದು ನಿಯಮವನ್ನಿಟ್ಟುಕೊಂಡು, ಸುತ್ತಮುತ್ತ ನೋಡಿ, ತಾನೇ ನಡೆಯುವ ಒಂದು ಕಾಯಿ ಎಂದು ತಿಳಿದರೆ ಸಾಕು.

ಶೆಲ್ಲಿಂಗರ ನಾಣ್ಯಗಳು

ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ (1921-2016) ಈ ವಿದ್ಯೆಯ ಮೊದಲಿಗರಲ್ಲಿ ಒಬ್ಬರು. ಅಲ್ಲಿನ ನಗರಗಳಲ್ಲಿ ಬಿಳಿಯರೂ ಕಪ್ಪು ಜನರೂ ಬೇರೆ ಬೇರೆ ಬಡಾವಣೆಗಳಲ್ಲಿ ವಾಸಿಸುವುದೇಕೆಂಬುದು ಅವರ ಪ್ರಶ್ನೆ. ವಿಮಾನದಲ್ಲಿ ಕೂತು ಕಾಗದದ ಮೇಲೆ ಗುರುತು ಹಾಕಿ ಅಳಿಸಿ ನೋಡಿದ್ದನ್ನೂ, ಅದು ತೊಡಕೆನಿಸಿ ಮನೆಗೆ ಬಂದ ಮೇಲೆ ಮಗನ ಸಂಗ್ರಹದ ನಾಣ್ಯಗಳನ್ನು ಹರಡಿಕೊಂಡು ಕೂತದ್ದನ್ನೂ ಅವರೇ ಹೇಳಿಕೊಂಡಿದ್ದಾರೆ. 1969ರಲ್ಲಿಯೂ 1971ರಲ್ಲಿಯೂ ಇದನ್ನು ಕುರಿತು ಲೇಖನ ಬರೆದರು. 1978ರ ಪುಸ್ತಕದಲ್ಲಿ ಯಾರೂ ಮನೆಯಲ್ಲಿ ಆಡಿ ನೋಡಬಹುದಾದಂತೆ ವಿವರಿಸಿದರು. 2005ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು; ಅದು ಬಂದದ್ದು ಮುಖ್ಯವಾಗಿ ಬೇರೆ ಕೆಲಸಕ್ಕಾಗಿ. ನಾವು ಕಲಿಯಬೇಕಾದುದು ಈ ನಾಣ್ಯದಾಟವನ್ನು.

ಸಿದ್ಧತೆ

ಚದುರಂಗದ ಹಾಸಿನಲ್ಲಿ 64 ಮನೆಗಳಿವೆ. ನಾಲ್ಕು ಮೂಲೆಗಳನ್ನು ಖಾಲಿ ಬಿಡಿರಿ. ಉಳಿದ 60 ಮನೆಗಳಲ್ಲಿ ಒಂದು ಬೀಜ, ಒಂದು ಗುಂಡಿಯಂತೆ, ಕಪ್ಪು ಬಿಳಿ ಚೌಕಗಳ ಹಾಗೆಯೇ, ಒಂದು ಬಿಟ್ಟು ಒಂದನ್ನು ಇಡಿರಿ. ಒಂದು ಮನೆಯ ಸುತ್ತಲೂ, ಓರೆಯಾಗಿ ಇರುವವೂ ಸೇರಿ, ತಾಗಿಕೊಂಡಿರುವ ಎಂಟು ಮನೆಗಳಲ್ಲಿ ಇರುವವರೇ ನೆರೆಯವರು. ಅಂಚಿನ ಮನೆಗೆ ನೆರೆಮನೆಗಳು ಐದೇ. ಖಾಲಿ ಮನೆಯನ್ನು ನೆರೆ ಎಂದು ಎಣಿಸಬಾರದು.

ಇನ್ನು ಕಾಯಿಗಳ ಬಯಕೆ. ಇದು ಶೆಲ್ಲಿಂಗರದೇ ನಿಯಮ:

ನೆರೆಯವರು ಒಬ್ಬರೇ ಇದ್ದರೆ ಅವರು ತನ್ನ ಜಾತಿಯ ಕಾಯಿಯಾಗಿರಬೇಕು.
ಇಬ್ಬರಿದ್ದರೆ ಒಬ್ಬರಾದರೂ ತನ್ನಂಥವರಿರಬೇಕು.
ಮೂರರಿಂದ ಐದು ಜನರಿದ್ದರೆ ಇಬ್ಬರಾದರೂ ಇರಬೇಕು.
ಆರರಿಂದ ಎಂಟು ಜನರಿದ್ದರೆ ಮೂವರಾದರೂ ಇರಬೇಕು.

ಈ ಬಯಕೆಯಲ್ಲಿ ದ್ವೇಷವಿಲ್ಲವೆಂಬುದನ್ನು ಗಮನಿಸಿರಿ. ಎಂಟು ನೆರೆಯವರಲ್ಲಿ ಐವರು ಬೇರೆಯವರಾದರೂ ಈ ಕಾಯಿ ಸುಖವಾಗಿ ಇರುತ್ತದೆ. ನೆರೆಯಲ್ಲಿ ತಾನು ತೀರ ಒಂಟಿಯಾಗಬಾರದು, ಅಷ್ಟೇ ಅದರ ಆಸೆ. ಇನ್ನೊಂದು ವಿಷಯ: ನೀವು ಮೊದಲು ಇಟ್ಟ ಬೆರಕೆ ಜೋಡಣೆಯಲ್ಲಿ ಅರವತ್ತು ಕಾಯಿಗಳೂ ತೃಪ್ತವಾಗಿಯೇ ಇವೆ. ನಂಬದಿದ್ದರೆ ಎಣಿಸಿ ನೋಡಿರಿ. ನಡುವಿನ ಕಾಯಿಗೆ ಎಂಟರಲ್ಲಿ ನಾಲ್ಕು, ಅಂಚಿನದಕ್ಕೆ ಐದರಲ್ಲಿ ಎರಡು ತನ್ನವೇ ಇರುತ್ತವೆ.

ಈಗ ಸ್ವಲ್ಪ ಕದಡಬೇಕು. ಲೋಕದಲ್ಲಿ ಜನ ಊರು ಬಿಡುತ್ತಾರೆ, ಹೊಸಬರು ಬರುತ್ತಾರಷ್ಟೆ? ಮನೆಗಳಿಗೆ ಮೇಲಿನ ಎಡಮೂಲೆಯಿಂದ ಕ್ರಮವಾಗಿ 1ರಿಂದ 64 ಅಂಕಿ ಕೊಟ್ಟು ಚೀಟಿ ಬರೆಯಿರಿ. ಮೂಲೆಯ 1, 8, 57, 64ನೆಯ ಚೀಟಿಗಳನ್ನು ಬೇರೆ ಇಟ್ಟು, ಉಳಿದವನ್ನು ಡಬ್ಬಿಯಲ್ಲಿ ಕಲಕಿ 20 ಚೀಟಿ ಎತ್ತಿರಿ. ಆ ಮನೆಗಳ ಕಾಯಿಗಳನ್ನು ತೆಗೆಯಿರಿ. ಆಮೇಲೆ ಖಾಲಿಯಿರುವ 24 ಮನೆಗಳ ಚೀಟಿಗಳಲ್ಲಿ 5ನ್ನು ಎತ್ತಿ, ಬೀಜವೋ ಗುಂಡಿಯೋ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ, ಅಲ್ಲಿ ಇಡಿರಿ. ಈಗ ಹಾಸಿನ ಮೇಲೆ 45 ಕಾಯಿಗಳು, 19 ಖಾಲಿ ಮನೆಗಳು.

ಆಟ

ಮೇಲಿನ ಸಾಲಿನಿಂದ ಒಂದೊಂದೇ ಕಾಯಿಯನ್ನು ಕೇಳುತ್ತ ಬನ್ನಿರಿ. ತೃಪ್ತಿಯಿದ್ದರೆ ಅಲ್ಲೇ ಇರಲಿ. ಇಲ್ಲದಿದ್ದರೆ ತನಗೆ ಒಪ್ಪುವ ಅತಿ ಹತ್ತಿರದ ಖಾಲಿ ಮನೆಗೆ ಹೋಗಲಿ. ಒಪ್ಪುವ ಮನೆ ಸಿಕ್ಕದಿದ್ದರೆ ಇದ್ದಲ್ಲೇ ಇರಲಿ. ಕೊನೆಯ ಸಾಲು ಮುಗಿದರೆ ಒಂದು ಸುತ್ತು. ಯಾವ ಕಾಯಿಯೂ ಕದಲದ ಸುತ್ತು ಬರುವವರೆಗೆ ನಡೆಸಬೇಕು.

ಒಂದು ನಡೆಯನ್ನು ಬಿಡಿಸಿ ನೋಡೋಣ. ಒಂದು ಬೀಜಕ್ಕೆ ಐದು ನೆರೆ: ನಾಲ್ಕು ಗುಂಡಿ, ಒಂದೇ ಬೀಜ. ಬೇಕಾದುದು ಎರಡು, ಆದುದರಿಂದ ಏಳುತ್ತದೆ. ಅದು ಎದ್ದುದರಿಂದ ಹಿಂದೆ ಉಳಿದ ಆ ಬೀಜದ ಗತಿಯೇನು? ಅದಕ್ಕೆ ಐದು ನೆರೆಯವರಲ್ಲಿ ಎರಡು ಬೀಜಗಳಿದ್ದವು ಎನ್ನಿ. ಈಗ ನಾಲ್ವರಲ್ಲಿ ಒಂದೇ. ಇಷ್ಟು ಹೊತ್ತು ನೆಮ್ಮದಿಯಾಗಿದ್ದ ಅದೂ ಗಂಟುಮೂಟೆ ಕಟ್ಟಬೇಕಾಯಿತು. ಇತ್ತ, ಹೋಗಿ ಸೇರಿದ ಕಡೆಯಲ್ಲಿ ಒಂದು ಗುಂಡಿಗೆ ಐದು ನೆರೆಯವರಿದ್ದರು: ಮೂರು ಬೀಜ, ಎರಡು ಗುಂಡಿ. ಅದು ತೃಪ್ತವಾಗಿತ್ತು. ಹೊಸ ಬೀಜ ಬಂದು ನೆರೆ ಆರಾಯಿತು. ಆರಕ್ಕೆ ಮೂರು ಬೇಕು, ಇರುವುದು ಎರಡೇ. ಅದೂ ಎದ್ದಿತು. ಒಂದು ಕಾಯಿಯ ನಡೆಗೆ ಎರಡು ಕಾಯಿಗಳ ನೆಮ್ಮದಿ ಹೋಯಿತು. ಅವು ಎರಡೂ ನಡೆದರೆ ಇನ್ನೆಷ್ಟೋ.

ಹೀಗೆ ಕೆಲವು ಸುತ್ತುಗಳಾದ ಮೇಲೆ ಹಾಸನ್ನು ದೂರದಿಂದ ನೋಡಿರಿ. ಬೀಜಗಳೆಲ್ಲ ಒಂದು ಕಡೆ, ಗುಂಡಿಗಳೆಲ್ಲ ಇನ್ನೊಂದು ಕಡೆ ಗುಂಪುಗುಂಪಾಗಿ ಕಾಣುತ್ತವೆ. ಇದನ್ನು ಬಯಸಿದವರು ಯಾರು? ಯಾವ ಕಾಯಿಯ ನಿಯಮದಲ್ಲಿಯೂ ಇದು ಬರೆದಿಲ್ಲ. ಬೆರೆತು ಬಾಳಲು ಎಲ್ಲ ಕಾಯಿಗಳೂ ಒಪ್ಪಿದ್ದವು. ಬೆರೆತು ಬಾಳುತ್ತಲೂ ಇದ್ದವು.

ಕಲಿಯುವವರು ಪಾಲಿಸತಕ್ಕ ಕ್ರಮ

ಇಂಥ ಮಾದರಿ ಯಾವುದೇ ಇರಲಿ, ಅದರಲ್ಲಿ ನಾಲ್ಕು ಅಂಗಗಳು: ಕಾಯಿಗಳು, ಅವು ಇರುವ ಹಾಸು, ಅವುಗಳ ನಿಯಮ, ನಡೆಯ ಸರದಿ. ಈ ನಾಲ್ಕನ್ನೂ ಆಟಕ್ಕೆ ಮೊದಲೇ ಬರೆದಿಡಬೇಕು. ನಡುವೆ ಮನಸ್ಸಿಗೆ ಬಂದಂತೆ ಬದಲಿಸಿದರೆ ಫಲಕ್ಕೆ ಬೆಲೆಯಿಲ್ಲ.

ಎರಡನೆಯದಾಗಿ, ಕಣ್ಣಂದಾಜನ್ನು ನಂಬದೆ ಅಳೆಯಬೇಕು. ಪ್ರತಿ ಕಾಯಿಯ ನೆರೆಯವರಲ್ಲಿ ತನ್ನಂಥವರು ನೂರಕ್ಕೆ ಎಷ್ಟು ಎಂದು ತೆಗೆದು, ಎಲ್ಲದರ ಸರಾಸರಿಯನ್ನು ಮೊದಲೂ ಕೊನೆಗೂ ಬರೆದುಕೊಳ್ಳಿರಿ. ಗುಮಾಸ್ತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಮೂರನೆಯದಾಗಿ, ಒಂದು ಆಟದಿಂದ ತೀರ್ಪು ಕೊಡಬಾರದು. ಚೀಟಿಗಳು ಬೇರೆ ಬಂದರೆ ಗುಂಪುಗಳ ಆಕಾರ ಬೇರೆಯಾಗುತ್ತದೆ. ಹತ್ತು ಸಲ ಆಡಿ, ಹತ್ತರಲ್ಲಿಯೂ ಬಂದುದು ಯಾವುದು, ಒಮ್ಮೆ ಮಾತ್ರ ಬಂದುದು ಯಾವುದು ಎಂದು ವಿಂಗಡಿಸಬೇಕು. ನಿಯಮ ಬದಲಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಕೈಯಾಟ ಚೆನ್ನಾಗಿ ರೂಢಿಯಾದವರು ಕಂಪ್ಯೂಟರಿಗೆ ಹೋಗಬಹುದು. ಯೂರಿ ವಿಲೆನ್ಸ್ಕಿ ಎಂಬವರು 1999ರಲ್ಲಿ ರಚಿಸಿದ ನೆಟ್‌ಲೋಗೋ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಕಾಯಿಗೆ ಟರ್ಟಲ್ ಅಂದರೆ ಆಮೆ ಎಂದೂ, ಮನೆಗೆ ಪ್ಯಾಚ್ ಎಂದೂ ಹೆಸರು. ಸೆಟಪ್ ಎಂಬ ಗುಂಡಿ ಒತ್ತಿದರೆ ಕಾಯಿ ಹೂಡುತ್ತದೆ. ಗೋ ಎಂಬುದನ್ನು ಒತ್ತಿದರೆ ಸುತ್ತುಗಳು ನಡೆಯುತ್ತವೆ. ಅದರ ಮಾದರಿಗಳ ಭಂಡಾರದಲ್ಲಿ ಸೆಗ್ರಿಗೇಶನ್ ಎಂಬುದೇ ಈ ಆಟ. ತನ್ನಂಥವರು ನೂರಕ್ಕೆ 30 ಸಾಕೆಂದು ಕಾಯಿಗಳಿಗೆ ಹೇಳಿದರೂ, ಕೊನೆಗೆ ಸರಾಸರಿ 70ರ ಆಸುಪಾಸಿಗೆ ಬಂದು ನಿಲ್ಲುವುದನ್ನು ಅಲ್ಲಿ ಕ್ಷಣದಲ್ಲಿ ನೋಡಬಹುದು. ಆದರೆ ಮೊದಲು ಕೈಯಿಂದ ಆಡಿರಿ. ಕಾಯಿಯನ್ನು ತಾವೇ ಎತ್ತಿ ಇಟ್ಟವರಿಗೆ, ಅದು ಏಕೆ ಎದ್ದಿತೆಂಬುದು ಮರೆಯುವುದಿಲ್ಲ.

ಎಚ್ಚರಿಕೆ

ಇಷ್ಟು ಕಲಿತ ಮೇಲೆ ಒಂದು ದುಡುಕು ಬರುತ್ತದೆ, ನಮಗೂ ಬಂತು. ಹಾಗಾದರೆ ಲೋಕದ ಬೇರ್ಪಡೆಗೆಲ್ಲ ಯಾರೂ ಹೊಣೆಯಲ್ಲ ಎಂದುಬಿಡುವುದು. ಅದು ತಪ್ಪು. ಸಣ್ಣ ಬಯಕೆಯಿಂದಲೂ ದೊಡ್ಡ ಬೇರ್ಪಡೆ ಆಗಬಲ್ಲದು ಎಂದಷ್ಟೇ ಆಟ ತೋರಿಸುತ್ತದೆ. ಇಂಥ ಊರಿನಲ್ಲಿ ಹಾಗೆಯೇ ಆಯಿತೆಂದು ತೋರಿಸುವುದಿಲ್ಲ. ಅಮೆರಿಕದಲ್ಲಿಯೇ 1934ರಲ್ಲಿ ಸ್ಥಾಪನೆಯಾದ ಸರ್ಕಾರಿ ಗೃಹಸಾಲ ಇಲಾಖೆಯು ಕಪ್ಪು ಜನರ ಬಡಾವಣೆಗಳ ಸಾಲಕ್ಕೆ ಭದ್ರತೆ ಕೊಡಲು ನಿರಾಕರಿಸುತ್ತಿತ್ತು. ಮನೆ ಮಾರುವಾಗಲೂ ಬಾಡಿಗೆ ಕೊಡುವಾಗಲೂ ಬಣ್ಣ ನೋಡಬಾರದೆಂಬ ಕಾನೂನು ಅಲ್ಲಿ ಬಂದುದು 1968ರಲ್ಲಿ. ನಮ್ಮ ಹಾಸಿನ ಮೇಲೆ ಸಾಲ ಕೊಡುವವರಿಲ್ಲ, ಬಾಗಿಲು ಹಾಕುವ ಮನೆಯೊಡೆಯರೂ ಇಲ್ಲ. ಶೆಲ್ಲಿಂಗರೂ ಇಂಥ ಕಾರಣಗಳನ್ನು ಅಲ್ಲಗಳೆಯಲಿಲ್ಲ. ತಾವು ನೋಡುತ್ತಿರುವುದು ಇನ್ನೊಂದು ಕಾರಣವನ್ನು ಎಂದು ಸ್ಪಷ್ಟಪಡಿಸಿದ್ದರು. ಮಾದರಿಯಲ್ಲಿ ಏನಿದೆಯೆಂದು ನೋಡಿದ ಮೇಲೆ, ಏನನ್ನು ಬಿಟ್ಟಿದೆಯೆಂದೂ ನೋಡತಕ್ಕದ್ದು.

ಮತ್ತೆ ನಮ್ಮ ಬೆಂಚುಗಳು

ಈ ಎಚ್ಚರಿಕೆಯನ್ನು ನಮ್ಮ ಕೋಣೆಗೆ ಅನ್ವಯಿಸಿ ನೋಡಿದಾಗ ನಮಗೆ ನಾಚಿಕೆಯಾಯಿತು. ಉದಯವಾಣಿಯನ್ನು ಕಿಟಕಿಯ ಕಡೆಯ ಮೇಜಿನ ಮೇಲೂ, ಸಂಯುಕ್ತ ಕರ್ನಾಟಕವನ್ನು ಬಾಗಿಲ ಕಡೆಯ ಮೇಜಿನ ಮೇಲೂ ದಿನಾಲು ಇಡುತ್ತಿದ್ದವರು ಯಾರು? ನಾವೇ. ಊರಿನ ಸುದ್ದಿ ಓದಲು ಬಂದವನು ಪತ್ರಿಕೆಯಿದ್ದ ಕಡೆ ಕೂತನು. ಊರಿನವನನ್ನು ಕಂಡು ಇನ್ನೊಬ್ಬನು ಪಕ್ಕದಲ್ಲಿ ಕೂತನು. ಹಾಸನ್ನು ಹಾಗೆ ಹೂಡಿದ ನಾವು ಕಾಯಿಗಳನ್ನು ದೂರಿದೆವು.

ಒಬ್ಬೊಬ್ಬರ ಮನಸ್ಸಿನಲ್ಲಿ ಏನಿತ್ತೆಂದು ಆಟ ಹೇಳಲಾರದು. ಆದರೆ ಗುಂಪನ್ನು ಕಂಡೊಡನೆ ಗುಂಪುಗಾರಿಕೆಯೆಂದು ಬರೆಯುವ ಮೊದಲು, ಕೂತವರನ್ನು ಒಂದು ಮಾತು ಕೇಳಬೇಕಿತ್ತೆಂದು ಕಲಿಸಿತು. ಫಲಕದ ಬರಹವನ್ನು ತೆಗೆದಿದ್ದೇವೆ. ಪತ್ರಿಕೆಗಳೆಲ್ಲ ಈಗ ನಡುವಿನ ಮೇಜಿನ ಮೇಲಿವೆ. ಆ ಇಬ್ಬರಲ್ಲಿ ಒಬ್ಬರ ಕೋಣೆಗೆ ಹೋಗಿ ತಪ್ಪು ಒಪ್ಪಿಕೊಂಡೆವು, ಚಹಾ ಕೊಟ್ಟು, "ಭಾನುವಾರ ಬರ್ತೇನ್ರೀ" ಎಂದರು, ಬಂದರು ಕೂಡ. ಇನ್ನೊಬ್ಬರು ಊರಿಗೆ ಹೋಗಿದ್ದಾರೆ. ಅವರಿಗೆ ಈ ಸಂಚಿಕೆಯನ್ನು ಅಂಚೆಯಲ್ಲಿ ಕಳಿಸುತ್ತಿದ್ದೇವೆ.

ಅಭ್ಯಾಸ

1. ಎಂಟು ನೆರೆಯವರಲ್ಲಿ ಮೂವರ ಬದಲು ಇಬ್ಬರು ಸಾಕೆಂದು ನಿಯಮ ಸಡಿಲಿಸಿ ಹತ್ತು ಸಲ ಆಡಿರಿ. ಕೊನೆಯ ಸರಾಸರಿಯಲ್ಲಿ ಎಷ್ಟು ವ್ಯತ್ಯಾಸವಾಯಿತು?

2. ನೆರೆಯಲ್ಲಿ ಬೇರೆಯವರೂ ಒಬ್ಬರಾದರೂ ಇರಲೇಬೇಕೆಂಬ ಬಯಕೆಯನ್ನು ಸೇರಿಸಿರಿ. ಗುಂಪು ಒಡೆಯುತ್ತದೆಯೇ?

3. ನಿಮ್ಮ ಕ್ಯಾಂಟೀನಿನಲ್ಲೋ ಊಟದ ಡಬ್ಬಿ ಬಿಚ್ಚುವ ಕಡೆಯಲ್ಲೋ ಜನ ಕೂಡುವ ರೀತಿಯನ್ನು ಒಂದು ವಾರ ನೋಡಿರಿ. ಅಲ್ಲಿ ಕಾಯಿ ಯಾರು, ನಿಯಮವೇನು, ಹಾಸನ್ನು ಹೂಡಿದವರು ಯಾರು ಎಂದು ಬರೆದು ತನ್ನಿರಿ.

ಹಾಸು, ಬೀಜ, ಗುಂಡಿ, ಚೀಟಿಯ ಡಬ್ಬಿ ವಾಚನಾಲಯದ ಕಪಾಟಿನಲ್ಲಿವೆ. ಆಡಿದ ಮೇಲೆ ಎಣಿಸಿ ಇಡಬೇಕಾಗಿ ವಿನಂತಿ.