ಎತ್ತರವೇ ಬಂಡವಾಳ: ಆಟದ ಇಟ್ಟಿಗೆಯ ರೋಲರ್ ಕೋಸ್ಟರ್

ಡೆನ್ಮಾರ್ಕಿನ ಲೆಗೋ ಕಂಪನಿ 2018ರಲ್ಲಿ 4,124 ಬಿಡಿಭಾಗಗಳ ರೋಲರ್ ಕೋಸ್ಟರ್ ಸೆಟ್ಟೊಂದನ್ನು ಹೊರತಂದಿತು. ಅವರ ನಕ್ಷೆ ನೋಡಿ ಜೋಡಿಸೋದು ಒಂದು ಬಗೆ. ನಮ್ಮದೇ ನಕ್ಷೆ ಬರೆದು ಕಟ್ಟೋದು ಇನ್ನೊಂದು. ಎರಡನೆಯದಕ್ಕೆ ಮೊದಲು ಲೆಕ್ಕ ಬೇಕು.

ವಾಣಿಜ್ಯ ಓದುವ ನಮ್ಮಂಥವರಿಗೆ ಇದು ಸುಲಭ. ಗಾಡಿಗೆ ಎಂಜಿನ್ ಇಲ್ಲ. ಸರಪಳಿ ಅದನ್ನು ಮೊದಲ ದಿಬ್ಬದ ತುದಿಗೆ ಎಳೆದು ಬಿಟ್ಟರೆ ಮುಗೀತು. ಆ ಎತ್ತರವೇ ಬಂಡವಾಳ, ಘರ್ಷಣೆಯೇ ಖರ್ಚು. ದಾರೀಲಿ ಸಾಲ ಕೊಡೋರಿಲ್ಲ. ಹಾಗಾಗಿ ಮುಂದಿನ ಯಾವ ದಿಬ್ಬವೂ ಮೊದಲನೆಯದರಷ್ಟು ಎತ್ತರ ಇರಕೂಡದು.

ಒಂದು ಇಟ್ಟಿಗೆಯ ಎತ್ತರ 9.6 ಮಿ.ಮೀ.; 50 ಪೇರಿಸಿದರೆ 48 ಸೆಂ.ಮೀ. ಗಾಡಿ ತಲೆಕೆಳಗಾಗಿ ಸುತ್ತುವ ಸುರುಳಿ ಬೇಕೇ? ಸುರುಳಿ ದುಂಡಗಿದ್ದರೆ, ಘರ್ಷಣೆ ಇಲ್ಲವೆಂದುಕೊಂಡರೂ, ಅದರ ತಳದಿಂದ ತ್ರಿಜ್ಯದ ಎರಡೂವರೆ ಪಟ್ಟು ಮೇಲಿನಿಂದ ಗಾಡಿ ಇಳಿಯಬೇಕು. ತ್ರಿಜ್ಯ 10 ಸೆಂ.ಮೀ. ಆದರೆ ಎತ್ತರ 25 ಸೆಂ.ಮೀ. ಘರ್ಷಣೆಗೆಂದು ಇನ್ನಷ್ಟು ಸೇರಿಸಿ.

ಕಂಬ ಅಲುಗಾಡಿದರೆ ಅದೂ ಖರ್ಚೇ. ಅಡ್ಡಪಟ್ಟಿ ಕೊಟ್ಟು ಬಿಗಿ ಮಾಡಿ. ಅಲಂಕಾರ ಆಮೇಲೆ. ಮೊದಲು ಖಾಲಿ ಗಾಡಿ ಓಡಿಸಿ, ನಂತರ ಗೊಂಬೆ ಕೂರಿಸಿ ಓಡಿಸಿ. ಎಲ್ಲಿ ನಿಂತಿತೋ ಅಲ್ಲಿ ಗುರುತು ಹಾಕಿ: ಖರ್ಚು ಬಂಡವಾಳವನ್ನು ತಿಂದು ಮುಗಿಸಿದ ಜಾಗ ಅದೇ. ಅದರ ಹಿಂದಿನ ತಿರುವುಗಳನ್ನೇ ಮೊದಲು ತಿದ್ದಿ.