ಪಕ್ಕದ ಸೈಟಿನಲ್ಲಿ ನಿಂತ ನೀರು: ಹೊಣೆ ಯಾರದು, ದೂರು ಯಾರಿಗೆ?

ಬೀದಿಯಲ್ಲಿ ಇಬ್ಬರಿಗೆ ಡೆಂಗಿ ಬಂತೆಂದರೆ ಎಲ್ಲರ ಕಣ್ಣು ಚರಂಡಿಯ ಕಡೆ ಹೋಗುತ್ತದೆ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಹೆಚ್ಚಾಗಿ ತಿಳಿನೀರಿನಲ್ಲಿ. ಮುಚ್ಚದ ಸಂಪು, ಡ್ರಮ್ಮು, ಹಳೇ ಟೈರು, ಎಳನೀರು ಬುರುಡೆ, ಅರ್ಧಕ್ಕೆ ನಿಂತ ಕಟ್ಟಡದ ತೊಟ್ಟಿ ಇವೇ ಅದರ ತವರು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ತೊಟ್ಟಿ ಇಣುಕುವುದು ಇದಕ್ಕೇ. ಎಷ್ಟು ಮನೆಗಳಲ್ಲಿ, ಎಷ್ಟು ಪಾತ್ರೆಗಳಲ್ಲಿ ಲಾರ್ವಾ ಸಿಕ್ಕಿತು ಎಂಬ ಲೆಕ್ಕದಿಂದಲೇ ಬಡಾವಣೆಯ ಅಪಾಯ ಗೊತ್ತಾಗುವುದು. ದಯವಿಟ್ಟು ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ.

2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು 2020ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ವ್ಯಾಪ್ತಿಗೆ ತಂದು ದಂಡ ಗೊತ್ತುಮಾಡಿತು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಕಚೇರಿ, ಶಾಲೆ, ಹೋಟೆಲುಗಳಿಗೆ 1,000 ಮತ್ತು 500. ಕಟ್ಟಡ ಕಾಮಗಾರಿ ಜಾಗ, ಖಾಲಿ ನಿವೇಶನಗಳಿಗೆ 2,000 ಮತ್ತು 1,000. ವಾರಕ್ಕೊಮ್ಮೆ ನಲ್ಲಿ ನೀರು ಬರುವ ಊರಿನಲ್ಲಿ ಡ್ರಮ್ಮು ತುಂಬಿಡದೆ ಗತಿಯಿಲ್ಲ. ಅಂಥ ಮನೆಗೆ ಮೊದಲು ಬೇಕಾದದ್ದು ಮುಚ್ಚಳ ಮತ್ತು ತಿಳುವಳಿಕೆ. ದಂಡದ ಬಿಸಿ ಮೊದಲು ತಟ್ಟಬೇಕಾದದ್ದು ಸೈಟು ಕೊಂಡು ತಿರುಗಿಯೂ ನೋಡದ ಮಾಲೀಕರಿಗೆ.

ಇನ್ನು ಸ್ಥಳೀಯ ಸಂಸ್ಥೆಯ ಹೊಣೆ. ಮಧ್ಯಪ್ರದೇಶದ ರತ್ಲಾಂ ಪಟ್ಟಣದ ನಿವಾಸಿಗಳು ತೆರೆದ ಚರಂಡಿ, ಹೊಲಸಿನ ವಿರುದ್ಧ ಮ್ಯಾಜಿಸ್ಟ್ರೇಟರ ಬಳಿ ಹೋದರು. ಪುರಸಭೆ, ಹಣವಿಲ್ಲ ಎಂದಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಆ ನೆಪವನ್ನು ಒಪ್ಪಲಿಲ್ಲ. ಶಾಸನ ಹೊರಿಸಿದ ಕರ್ತವ್ಯದಿಂದ ಖಾಲಿ ಖಜಾನೆ ತೋರಿಸಿ ನುಣುಚಿಕೊಳ್ಳುವಂತಿಲ್ಲ ಎಂದಿತು. ‘ಅನುದಾನ ಬಂದಿಲ್ಲ’ ಎಂಬ ಉತ್ತರ ಕೇಳಿ ಸುಮ್ಮನೆ ಹಿಂತಿರುಗುವ ಪ್ರತಿಯೊಬ್ಬರಿಗೂ ಈ ತೀರ್ಪು ಗೊತ್ತಿರಬೇಕು.

ದೂರನ್ನು ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಜಾಗದ ಗುರುತು, ನೀರು ನಿಂತ ದಿನಗಳು, ಫೋಟೊ ಸೇರಿಸಿ ಅರ್ಜಿ ಬರೆಯಿರಿ; ಹಳ್ಳಿಯಲ್ಲಿ ಪಿಡಿಒಗೆ, ಪಟ್ಟಣದಲ್ಲಿ ನಗರಸಭೆಯ ಆರೋಗ್ಯ ಶಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದಿನ ಎಲ್ಲ ಹೆಜ್ಜೆಗೂ ಆ ಚೀಟಿಯೇ ಆಧಾರ. ಉತ್ತರ ಬಾರದಿದ್ದರೆ, ಏನು ಕ್ರಮ ಕೈಗೊಂಡಿರಿ ಎಂದು ಮಾಹಿತಿ ಹಕ್ಕಿನಡಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಸಾರ್ವಜನಿಕರಿಗೆ ತೊಂದರೆಯಾಗುತ್ತಿದ್ದರೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ, ತೊಂದರೆ ನಿವಾರಿಸಿ, ಇಲ್ಲವೇ ಬಂದು ಕಾರಣ ಹೇಳಿ ಎಂದು ಷರತ್ತಿನ ಆದೇಶ ಹೊರಡಿಸುವ ಅಧಿಕಾರ ಅವರಿಗಿದೆ. ರತ್ಲಾಂ ಜನ ಹಿಡಿದ ದಾರಿಯೂ ಇದೇ, ಆಗ ಅದು ಹಳೆಯ ಸಂಹಿತೆಯ 133ನೇ ಕಲಮು. ನೈರ್ಮಲ್ಯದ ವ್ಯಾಜ್ಯಗಳನ್ನು ಖಾಯಂ ಲೋಕ ಅದಾಲತ್‌ಗೂ ಒಯ್ಯಬಹುದು. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ. ಅರ್ಜಿ ಬರೆಯಲು ನೆರವು ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ, ಸಹಾಯವಾಣಿ 15100.

ಜ್ವರ ಬಂದಾಗಿನ ಹಕ್ಕೂ ಒಂದಿದೆ. ಖಾಸಗಿ ಆಸ್ಪತ್ರೆ, ಲ್ಯಾಬುಗಳು ಡೆಂಗಿ ಪರೀಕ್ಷೆಗೆ ಪಡೆಯಬಹುದಾದ ಗರಿಷ್ಠ ದರವನ್ನು ಸರ್ಕಾರ 2024ರಲ್ಲಿ ಗೊತ್ತುಮಾಡಿತು: ಎನ್‌ಎಸ್1 ಎಲಿಸಾಗೆ 300, ಐಜಿಎಂ ಎಲಿಸಾಗೆ 300, ರ‍್ಯಾಪಿಡ್ ಕಾರ್ಡ್ ಪರೀಕ್ಷೆಗೆ 250 ರೂಪಾಯಿ. ಹೆಚ್ಚು ಕೇಳಿದರೆ ಬಿಲ್ಲು ಇಟ್ಟುಕೊಂಡು, ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಿ.